ಬಣ್ಣದ ಸ್ವೆಟರೂ ಕೊನೆಯ ಬೆಂಚೂ

ಕಳೆದ ಬೇಸಿಗೆ ರಜೆಯಲ್ಲಿ ದೆಹಲಿಯಿಂದ ಬಂದಿದ್ದ ನನ್ನ ಏಳು ವರ್ಷದ ಮೊಮ್ಮಗ ಒಂದು ಸಂಜೆ ತನ್ನ ತಾಯಿಯ ಮೊಬೈಲನ್ನು ನನ್ನ ಕಣ್ಣೆದುರು ಹಿಡಿದು, "ಅಜ್ಜಿ, ಇದನ್ನು ನೀನು ಮಾಡಬಲ್ಲೆಯಾ?" ಎಂದು ಕೇಳಿದ. ಅದೊಂದು ಸ್ವೆಟರಿನ ಚಿತ್ರ. ನೀಲಿ ಮೈ, ಎದೆಯ ಸುತ್ತ ಬಿಳಿಯ ನಕ್ಷತ್ರಗಳ ಸಾಲು, ತೋಳಿನ ತುದಿಯಲ್ಲಿ ಕೆಂಪು ಅಂಚು. ನನಗೆ ಹೆಣಿಗೆಯ ಗಂಧವೂ ಇರಲಿಲ್ಲ. ಆದರೆ ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದವಳ ನಾಲಿಗೆಯ ಮೇಲೆ 'ನನಗೆ ಬಾರದು' ಎಂಬ ಮಾತು ಸುಲಭವಾಗಿ ಹೊರಳುವುದಿಲ್ಲ. "ಅದೇನು ಮಹಾ, ಚಳಿಗಾಲ ಬರುವುದರೊಳಗೆ ಕಳುಹಿಸುತ್ತೇನೆ" ಎಂದುಬಿಟ್ಟೆ. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ಗಾದೆ ನನ್ನ ಪಾಲಿಗೆ ಅಕ್ಷರಶಃ ನಿಜವಾಯಿತು. ಇಲ್ಲಿ ಕೂಸು ಹುಟ್ಟಿಯಾಗಿತ್ತು, ಕುಲಾವಿ ಹೆಣೆಯಬೇಕಾದವಳಿಗೆ ಕಡ್ಡಿ ಹಿಡಿಯಲು ಬರುತ್ತಿರಲಿಲ್ಲ, ಅಷ್ಟೆ ವ್ಯತ್ಯಾಸ.

ಹೆಣಿಗೆಯನ್ನು ನಾನು ನೋಡಿರಲಿಲ್ಲವೆಂದಲ್ಲ. ನಾನು ಕೆಲಸಕ್ಕೆ ಸೇರಿದ ದಿನಗಳಲ್ಲಿ ಮಲೆನಾಡಿನ ಶಾಲೆಯ ನಮ್ಮ ಸ್ಟಾಫ್ ರೂಮಿನಲ್ಲಿ ಬಿಡುವಿನ ಪೀರಿಯಡ್ಡಿಗೆ ಕಡ್ಡಿಗಳ ಟಿಕ್ ಟಿಕ್ ಸದ್ದು ಇದ್ದೇ ಇರುತ್ತಿತ್ತು. ಇಬ್ಬರು ಸಹೋದ್ಯೋಗಿಗಳು ಜುಲೈ ತಿಂಗಳ ಮಳೆಯಲ್ಲಿ ಆರಂಭಿಸಿ ಡಿಸೆಂಬರ್ ಹೊತ್ತಿಗೆ ಮನೆಮಂದಿಗೆಲ್ಲ ಸ್ವೆಟರು ಮುಗಿಸುತ್ತಿದ್ದರು. ನಾನು ಉತ್ತರಪತ್ರಿಕೆಗಳನ್ನು ತಿದ್ದುತ್ತಾ, 'ಓದುವ ಹವ್ಯಾಸವಿಲ್ಲದವರ ಕಾಲಹರಣ' ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಈಗ ಅವರಲ್ಲಿ ಒಬ್ಬರು ಇಲ್ಲ, ಇನ್ನೊಬ್ಬರ ಕಣ್ಣು ಮಂಜಾಗಿದೆ. ಕೇಳಿ ಕಲಿಯಬಹುದಾಗಿದ್ದ ಕಾಲದಲ್ಲಿ ಕೇಳದೆ ಹೋದವಳು, ಅರವತ್ತಾರನೆಯ ವಯಸ್ಸಿನಲ್ಲಿ ಯೂಟ್ಯೂಬಿನ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾ ಕುಳಿತೆ.

ಪಕ್ಕದ ಮನೆಯವರು ಹಿತವಚನ ಹೇಳಿದರು. "ಮೊದಲು ಒಂದು ಮಫ್ಲರ್ ಹೆಣೆಯಿರಿ. ಆಮೇಲೆ ಒಂದೇ ಬಣ್ಣದ ಟೋಪಿ. ಎರಡು ವರ್ಷ ಕೈ ಪಳಗಿದ ಮೇಲೆ ಬಣ್ಣದ ಸ್ವೆಟರಿನ ಮಾತು." ಈ ಮಾತನ್ನು ಕೇಳಿದಾಗ ನನಗೆ ನನ್ನದೇ ಧ್ವನಿ ಕೇಳಿದಂತಾಯಿತು. ಬಿ.ಎಡ್. ತರಗತಿಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ ಬೋಧನಾ ಸೂತ್ರಗಳಲ್ಲಿ 'ಸರಳದಿಂದ ಸಂಕೀರ್ಣಕ್ಕೆ' ಎಂಬುದೂ ಒಂದಲ್ಲವೇ? ಪಾಠಯೋಜನೆಯ ಪ್ರತಿ ಪುಟದಲ್ಲಿ ಅದನ್ನು ನಾನು ಪಾಲಿಸಿದ್ದೇನೆ, ಕಿರಿಯ ಶಿಕ್ಷಕರಿಗೆ ಉಪದೇಶಿಸಿದ್ದೇನೆ. ಮೊದಲ ಬಾರಿಗೆ ಆ ಸೂತ್ರದ ಇನ್ನೊಂದು ತುದಿಯಲ್ಲಿ, ಕಲಿಯುವವಳ ಜಾಗದಲ್ಲಿ, ನಿಂತಾಗ ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ದೆಹಲಿಯಲ್ಲಿ ಯಾರೂ ನನ್ನ ಮಫ್ಲರಿಗಾಗಿ ಕಾಯುತ್ತಿರಲಿಲ್ಲ. ಕಾಯುತ್ತಿದ್ದುದು ನಕ್ಷತ್ರದ ಸ್ವೆಟರಿಗೆ.

ಓದುಗರು ತಪ್ಪು ತಿಳಿಯಬಾರದು. ಸೂತ್ರ ಸುಳ್ಳೆಂದು ನಾನು ಹೇಳುತ್ತಿಲ್ಲ. ನಾನೂ ಎರಡು ವಾರ ಒಂದು ಅಗಲ ಪಟ್ಟಿಯ ಮೇಲೆ ಸೀದಾ, ಉಲ್ಟಾ ಎಂಬ ಎರಡೇ ಕುಣಿಕೆಗಳನ್ನು ಅಭ್ಯಾಸ ಮಾಡಿದೆ. ಹೆಣಿಗೆಯೆಂಬ ವಿದ್ಯೆಯ ವರ್ಣಮಾಲೆಯಲ್ಲಿ ಇರುವುದು ಈ ಎರಡೇ ಅಕ್ಷರಗಳು. ಆದರೆ ಆ ಎರಡು ವಾರ ನನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದು ಪಟ್ಟಿಯ ಆಸೆಯಲ್ಲ, ಸ್ವೆಟರಿನ ಆಸೆ. ಅಮೆರಿಕದ ಶಿಕ್ಷಣ ಚಿಂತಕ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ಪದ್ಧತಿಯ ಬಗ್ಗೆ ಬರೆದ ಪ್ರಬಂಧದ ತಿರುಳೂ ಇದೇ ಅಲ್ಲವೇ? ಮಗು ಮನಃಪೂರ್ವಕವಾಗಿ ತನ್ನದೆಂದು ಒಪ್ಪಿದ ಉದ್ದೇಶ ಮುಂದಿರಬೇಕು, ಅದರ ಹಿಂದೆ ಕಲಿಕೆ ತಾನಾಗಿ ನಡೆದು ಬರುತ್ತದೆ. ಇದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದೆ. ಅರ್ಥವಾಗಲು ನಾಲ್ಕು ದಶಕ ಬೇಕಾಯಿತು.

ಬಣ್ಣದ ಹೆಣಿಗೆಯೆಂದರೇನೆಂದು ತಿಳಿಯದವರಿಗಾಗಿ ನಾಲ್ಕು ಮಾತು. ಒಂದು ಸುತ್ತಿನಲ್ಲಿ ಎರಡು ಬಣ್ಣದ ದಾರಗಳನ್ನು ಒಟ್ಟಿಗೆ ಒಯ್ಯುತ್ತೇವೆ. ನಕ್ಷೆಯ ಪ್ರಕಾರ ಕೆಲವು ಕುಣಿಕೆಗಳನ್ನು ನೀಲಿಯಲ್ಲಿ, ಕೆಲವನ್ನು ಬಿಳಿಯಲ್ಲಿ ಹಾಕುತ್ತೇವೆ. ಆ ಹೊತ್ತಿಗೆ ಕೆಲಸವಿಲ್ಲದ ದಾರ ಬಟ್ಟೆಯ ಹಿಂದೆ ಸಡಿಲವಾಗಿ ಹಾದುಹೋಗುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಸಮೂಹದ ಹೆಂಗಸರು ಈ ವಿದ್ಯೆಗೆ ಹೆಸರಾದವರು. ಅಲ್ಲಿನ ಪುಟ್ಟ ದ್ವೀಪವಾದ ಫೇರ್ ಐಲ್‌ನ ಹೆಸರೇ ಈ ಬಗೆಯ ಹೆಣಿಗೆಗೆ ಅಂಟಿಕೊಂಡಿದೆ. 1920ರ ದಶಕದಲ್ಲಿ ಬ್ರಿಟನ್ನಿನ ರಾಜಕುಮಾರ ಎಡ್ವರ್ಡ್ ಗಾಲ್ಫ್ ಮೈದಾನದಲ್ಲಿ ಅಂಥದೊಂದು ಸ್ವೆಟರು ತೊಟ್ಟ ಮೇಲೆ ಅದು ಜಗತ್ತಿಗೆಲ್ಲ ಫ್ಯಾಷನ್ ಆಯಿತು. ನೂರು ಬಣ್ಣವಿದ್ದಂತೆ ಕಾಣುವ ಆ ಸ್ವೆಟರುಗಳಲ್ಲೂ ಒಂದು ಸಾಲಿಗೆ ಬರುವುದು ಸಾಮಾನ್ಯವಾಗಿ ಎರಡೇ ಬಣ್ಣ. ಹೆಣೆಯುವವರ ಗುಟ್ಟು ಅಷ್ಟೇ. ಇದನ್ನು ಮೊದಲೇ ತಿಳಿದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ನಕ್ಷೆ ಕೈಗೆ ಬಂದಾಗ ನನಗೆ ಹಳೆಯ ಗೆಳೆಯನನ್ನು ಕಂಡಂತಾಯಿತು. ಅದು ಗ್ರಾಫ್ ಹಾಳೆಯಲ್ಲದೆ ಬೇರೇನೂ ಅಲ್ಲ. ಒಂದು ಚೌಕಕ್ಕೆ ಒಂದು ಕುಣಿಕೆ. ಆ ಉತ್ಸಾಹದಲ್ಲಿ ಮೇಲಿನ ಎಡ ಮೂಲೆಯಿಂದ ಓದಲು ತೊಡಗಿದೆ. ಕನ್ನಡ ಓದುವ ಕಣ್ಣಿಗೆ ಅದೇ ಅಭ್ಯಾಸ. ಆದರೆ ಹೆಣಿಗೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ, ಬಲದಿಂದ ಎಡಕ್ಕೆ ಸಾಗುತ್ತದೆ. ಆದ್ದರಿಂದ ನಕ್ಷೆಯನ್ನೂ ಕೆಳಗಿನ ಬಲ ಮೂಲೆಯಿಂದಲೇ ಓದಬೇಕು. ನನ್ನ ಮೊದಲ ಮಾದರಿ ತುಂಡಿನಲ್ಲಿ ನಕ್ಷತ್ರಗಳ ಕೆಳಗೆ ಬರಬೇಕಿದ್ದ ಅಂಚು ಅವುಗಳ ತಲೆಯ ಮೇಲೆ ಬಂದು ಕುಳಿತಿತ್ತು. ನಿರ್ದೇಶಾಂಕಗಳ ಪಾಠದಲ್ಲಿ ಎಕ್ಸ್ ಮತ್ತು ವೈ ಅದಲುಬದಲು ಮಾಡಿದ ಮಕ್ಕಳ ಪುಸ್ತಕದ ಮೇಲೆ ನಾನು ಕೆಂಪು ಶಾಯಿಯಲ್ಲಿ 'ಗಮನವಿಲ್ಲ' ಎಂದು ಬರೆಯುತ್ತಿದ್ದೆ. ನನಗೆ ಗಮನವಿತ್ತು. ಎಲ್ಲಿಂದ ಆರಂಭವೆಂದು ಯಾರೂ ಹೇಳಿರಲಿಲ್ಲ, ಅಷ್ಟೆ.

ಬಣ್ಣದ ಆಯ್ಕೆಯಲ್ಲಿಯೂ ಮುಗ್ಗರಿಸಿದೆ. ಅಂಚಿಗೆ ಕೆಂಪು ಮತ್ತು ಹಸಿರು ಸೇರಿಸಿದರೆ ಚೆನ್ನೆಂದು ತೋರಿತ್ತು. ಬೇರೆ ಬೇರೆ ಉಂಡೆಗಳಾಗಿ ಎಷ್ಟು ಚೆಂದವಿದ್ದವೋ ಹೆಣೆದಾಗ ಅಷ್ಟೇ ಕಲಸಿಹೋದವು. ಬಣ್ಣ ಬೇರೆಯಾದರೆ ಸಾಲದು, ಒಂದು ತಿಳಿ ಇನ್ನೊಂದು ಗಾಢ ಆಗಿರಬೇಕು. ಮೊಬೈಲಿನಲ್ಲಿ ಕಪ್ಪುಬಿಳುಪು ಚಿತ್ರ ತೆಗೆದು ನೋಡಿದರೆ ತಕ್ಷಣ ಗೊತ್ತಾಗುತ್ತದೆ. ನನ್ನ ಕೆಂಪು ಹಸಿರುಗಳೆರಡೂ ಒಂದೇ ಬೂದು ಬಣ್ಣಕ್ಕೆ ತಿರುಗಿದ್ದವು. ಹಾಗೆಯೇ ಎರಡು ದಾರಗಳಲ್ಲಿ ಯಾವುದು ಸದಾ ಕೆಳಗಿನಿಂದ ಬರುತ್ತದೆಯೋ ಅದರ ಕುಣಿಕೆ ಕೂದಲೆಳೆಯಷ್ಟು ದೊಡ್ಡದಾಗಿ ಮುಂದೆ ಎದ್ದು ಕಾಣುತ್ತದೆ. ನಡುವೆ ಕೈ ಬದಲಿಸಿದರೆ ನಕ್ಷತ್ರ ಅರ್ಧ ಹೊಳೆದು ಅರ್ಧ ಮಂಕಾಗುತ್ತದೆ. ಇಂಥ ಸೂಕ್ಷ್ಮಗಳನ್ನು ಹೇಳಿಕೊಟ್ಟರೆ ಒಂದು ವಾಕ್ಯದಲ್ಲಿ ಮುಗಿಯುತ್ತವೆ. ಸ್ವಂತ ಕಲಿಯುವವರಿಗೆ ಒಂದೊಂದಕ್ಕೂ ಒಂದೊಂದು ವಾರ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆಗಸ್ಟಿನಲ್ಲಿ. ನಾನು ಅನುಸರಿಸುತ್ತಿದ್ದ ವಿಧಾನದಲ್ಲಿ '8ನೆಯ ನಂಬರಿನ ಕಡ್ಡಿ, 126 ಕುಣಿಕೆ' ಎಂದಿತ್ತು. ಅಂಗಡಿಗೆ ಹೋಗಿ 8ನೆಯ ನಂಬರಿನ ಕಡ್ಡಿ ತಂದೆ, ಎಣಿಸಿ 126 ಕುಣಿಕೆ ಹಾಕಿದೆ, ಒಂಬತ್ತು ಅಂಗುಲ ಮೈ ಹೆಣೆದೆ. ಸೊಸೆ ಕಳುಹಿಸಿದ ಅಳತೆಗೆ ಹಿಡಿದು ನೋಡಿದರೆ 28 ಅಂಗುಲ ಸುತ್ತಳತೆ ಬರಬೇಕಿದ್ದುದು 23ಕ್ಕೆ ನಿಂತಿತ್ತು. ಮಗುವಿನ ಎದೆಯೇ 25 ಅಂಗುಲ! ಎರಡು ರಾತ್ರಿ ನಿದ್ದೆಗೆಟ್ಟು ಹುಡುಕಿದ ಮೇಲೆ ಕಾರಣ ತಿಳಿಯಿತು. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳ ಮೇಲಿರುವುದು ಹಳೆಯ ಬ್ರಿಟಿಷ್ ಕ್ರಮಸಂಖ್ಯೆ. ಅದರಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ತೆಳುವಾಗುತ್ತದೆ, 8 ಎಂದರೆ 4 ಮಿಲಿಮೀಟರ್. ಅಮೆರಿಕದ ಕ್ರಮದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ದಪ್ಪ, ಅಲ್ಲಿ 8 ಎಂದರೆ 5 ಮಿಲಿಮೀಟರ್. ನನ್ನ ವಿಧಾನ ಅಮೆರಿಕದ್ದು, ನನ್ನ ಕಡ್ಡಿ ನಮ್ಮೂರಿನದು. ಅವರ ಲೆಕ್ಕದಲ್ಲಿ ಅಂಗುಲಕ್ಕೆ ನಾಲ್ಕೂವರೆ ಕುಣಿಕೆ ಬರಬೇಕಿತ್ತು, ನನಗೆ ಐದೂವರೆ ಬಂದಿತ್ತು. ಅಂಗುಲಕ್ಕೆ ಒಂದೇ ಒಂದು ಕುಣಿಕೆಯ ವ್ಯತ್ಯಾಸ, ಸುತ್ತಳತೆಯಲ್ಲಿ ಐದು ಅಂಗುಲ. 'ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಡಿತ' ಎಂದು ಮೂವತ್ತು ವರ್ಷ ಗುಡುಗಿದವಳು ಏಕಮಾನವನ್ನೇ ನೋಡದೆ ಮುಂದುವರಿದಿದ್ದೆ.

ಬಿಚ್ಚಿದೆ. ಒಂಬತ್ತು ಅಂಗುಲಕ್ಕೆ ಹಿಡಿದಿದ್ದು ಆರು ವಾರ, ಬಿಚ್ಚಲು ಹಿಡಿದದ್ದು ಅರ್ಧ ಗಂಟೆ. ಆ ರಾತ್ರಿ, ದೊಡ್ಡವಳೆಂಬ ಸಂಕೋಚವಿಲ್ಲದೆ ಹೇಳುತ್ತೇನೆ, ನಾನು ಅತ್ತೆ. ಮರುದಿನದಿಂದ ಹತ್ತು ದಿನ ಕಡ್ಡಿ ಮುಟ್ಟಲಿಲ್ಲ. ಮನೋವಿಜ್ಞಾನದ ಪಠ್ಯದಲ್ಲಿ ಕಲಿಕೆಯ ಪ್ರಸ್ಥಭೂಮಿ ಎಂದು ಓದಿದ್ದೆ. ಕಲಿಕೆಯ ರೇಖೆ ಏರುತ್ತಾ ಏರುತ್ತಾ ಒಂದೆಡೆ ಚಪ್ಪಟೆಯಾಗಿ ನಿಂತುಬಿಡುತ್ತದೆಯೆಂದು ಕಪ್ಪುಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದರು. ಆ ಚಪ್ಪಟೆ ಗೆರೆಯ ಮೇಲೆ ನಿಂತವರಿಗೆ ಏನನ್ನಿಸುತ್ತದೆಂದು ಯಾರೂ ಹೇಳಿರಲಿಲ್ಲ. 'ಇದು ನನ್ನಂಥವರಿಗಲ್ಲ' ಎಂದೇ ಅನ್ನಿಸುತ್ತದೆ. ಪರೀಕ್ಷೆಯಲ್ಲಿ 35ರ ಕೆಳಗೆ ಬಿದ್ದ ಎಷ್ಟು ಮಕ್ಕಳು ನನ್ನ ಮುಂದೆ ತಲೆ ತಗ್ಗಿಸಿ ನಿಂತು ಇದನ್ನೇ ಅಂದುಕೊಂಡಿರಬಹುದು!

ಹನ್ನೊಂದನೆಯ ದಿನ ನನಗೆ ಧೈರ್ಯ ಬಂದದ್ದು ಗಣಿತದಿಂದ. ಅಮೆರಿಕದವರ ಲೆಕ್ಕವನ್ನು ಬದಿಗಿಟ್ಟು ನನ್ನದೇ ಲೆಕ್ಕ ಹಾಕಿದೆ. ನನ್ನ ದಾರ, ನಾಲ್ಕೂವರೆ ಮಿಲಿಮೀಟರಿನ ಕಡ್ಡಿ, ನನ್ನ ಕೈ ಸೇರಿ ಅಂಗುಲಕ್ಕೆ ಐದು ಕುಣಿಕೆ. 28 ಅಂಗುಲಕ್ಕೆ 140. ಆದರೆ ನಕ್ಷತ್ರದ ಅಂಚಿನ ವಿನ್ಯಾಸ ಆರು ಕುಣಿಕೆಗೊಮ್ಮೆ ಮರಳುತ್ತದೆ, ನಾನು ಸೇರಿಸಬೇಕೆಂದಿದ್ದ ರಂಗೋಲಿಯ ಎಳೆ ನಾಲ್ಕಕ್ಕೊಮ್ಮೆ. ಎರಡೂ ಸುತ್ತಿನ ಕೊನೆಯಲ್ಲಿ ಕೂಡಿಕೊಳ್ಳಬೇಕಾದರೆ ಒಟ್ಟು ಸಂಖ್ಯೆ 12ರಿಂದ ಭಾಗವಾಗಬೇಕು. 140 ಭಾಗವಾಗದು, 144 ಆಗುತ್ತದೆ. 28ರ ಬದಲು ಸುಮಾರು 29 ಅಂಗುಲವಾದೀತು, ಬೆಳೆಯುವ ಮಗುವಿಗೆ ಅದು ಲಾಭವೇ. ಲ.ಸಾ.ಅ. ಎಂದರೆ ಏನೆಂದು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟ ನಾನು, ಅದು ಯಾವ ಕೆಲಸಕ್ಕೆಂದು ನಿಜವಾಗಿ ಬೇಕಾಗಿ ಕಂಡುಕೊಂಡದ್ದು ಆ ದಿನ.

ಈಗ ಬರೆಯಲು ಕಷ್ಟವಾಗುವ ಭಾಗಕ್ಕೆ ಬರುತ್ತೇನೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕಾಫಿ ತೋಟದ ಲೈನ್ ಮನೆಯಿಂದ ನಡೆದು ಬರುತ್ತಿದ್ದಳು, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಬೀಜಗಣಿತದ ಪಾಠ ನಡೆಯುತ್ತಿದ್ದಾಗ ಅವಳ ಕಣ್ಣು ಹಲಗೆಯ ಮೇಲಿದ್ದರೂ ಕೈ ಡೆಸ್ಕಿನ ಕೆಳಗೆ ಆಡುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಪುಟ್ಟದೊಂದು ಸ್ವೆಟರು, ಎದೆಯ ಮೇಲೆ ಹಳದಿ ಕಂದು ಬಣ್ಣಗಳ ಅಂಕುಡೊಂಕು ಪಟ್ಟಿ. ತಮ್ಮನಿಗೆಂದು ಹೇಳಿದಳೇನೋ, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕಡ್ಡಿಗಳ ಸಮೇತ ಕಿತ್ತುಕೊಂಡು, ತರಗತಿಯೆಲ್ಲ ನಗುವಂಥ ಒಂದು ಮಾತಾಡಿ, ಅದನ್ನು ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟೆ. ಎಳೆದ ರಭಸಕ್ಕೆ ಒಂದು ಕಡ್ಡಿ ಕಳಚಿ ಕುಣಿಕೆಗಳು ಜಾರಿದ್ದು ನೆನಪಿದೆ. ವರ್ಷದ ಕೊನೆಯಲ್ಲಿ ಕೊಡೋಣವೆಂದುಕೊಂಡೆ. ಆ ವರ್ಷ ನನಗೆ ವರ್ಗವಾಯಿತು, ಮರೆತೆ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತದಲ್ಲಿ ಅನುತ್ತೀರ್ಣಳಾದಳೆಂದು ಆಮೇಲೆ ಯಾರೋ ಹೇಳಿದರು.

ಅವಳು ಗಣಿತದಲ್ಲಿ ಜಾಣೆಯಾಗಿದ್ದಳು, ನಾನು ಗುರುತಿಸಲಿಲ್ಲ ಎಂದು ಕಥೆ ಕಟ್ಟಲಾರೆ. ನನಗೆ ಗೊತ್ತಿಲ್ಲದ್ದನ್ನು ಹೇಳಬಾರದು. ಅವಳಿಗೆ ಬೀಜಗಣಿತ ಬರುತ್ತಿರಲಿಲ್ಲ, ಅದು ನಿಜ. ಆದರೆ ಇಂದು ಒಂದು ಮಾತು ಖಚಿತವಾಗಿ ಬಲ್ಲೆ. ಆ ಅಂಕುಡೊಂಕು ಪಟ್ಟಿ ಎರಡು ಬದಿಯಲ್ಲೂ ಸಮವಾಗಿ ಮುಗಿಯಬೇಕಾದರೆ ಅವಳು ಭಾಗಾಕಾರ ಮಾಡಿರಲೇಬೇಕು, ಸಮಮಿತಿ ಅವಳ ಕೈಗೆ ಗೊತ್ತಿರಲೇಬೇಕು, ತಮ್ಮನ ಎದೆಯ ಅಳತೆಯಿಂದ ಕುಣಿಕೆಯ ಸಂಖ್ಯೆಗೆ ಅನುಪಾತ ಹಾಕಿರಲೇಬೇಕು. ಹಲಗೆಯ ಮೇಲಿದ್ದ ಗಣಿತಕ್ಕೂ ಅವಳ ಮಡಿಲಲ್ಲಿದ್ದ ಗಣಿತಕ್ಕೂ ನಡುವೆ ಇದ್ದುದು ಮೂರು ಬೆಂಚುಗಳ ದೂರ. ಆ ದೂರವನ್ನು ದಾಟುವುದು ಅವಳ ಕೆಲಸವಾಗಿರಲಿಲ್ಲ, ಸಂಬಳ ಪಡೆಯುತ್ತಿದ್ದ ನನ್ನ ಕೆಲಸವಾಗಿತ್ತು. ನಾನು ದಾಟಿದೆ, ಕಿತ್ತುಕೊಳ್ಳಲು.

ಆದುದರಿಂದಲೇ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಕೈಗೆಲಸವನ್ನು ನಾವು ಶಾಲೆಯಿಂದ ಹೊರಗಟ್ಟಿದ್ದು ತಪ್ಪು. ಮರಳಿ ತರುವುದಾದರೆ ವಿನೋದದ ಪೀರಿಯಡ್ ಆಗಿ ಅಲ್ಲ, ಪಾಠದ ಅಂಗವಾಗಿಯೇ ತರಬೇಕು. ಇದು ಹೊಸ ಮಾತೇನೂ ಅಲ್ಲ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ನಯೀ ತಾಲೀಮಿನ ಹೃದಯವೇ ಇದು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. 1964ರಿಂದ 66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದಿತು. ಹೆಸರು ಬದಲಾದಂತೆಲ್ಲ ನಾನು ಕಂಡ ಶಾಲೆಗಳಲ್ಲಿ ವಸ್ತು ತೆಳುವಾಯಿತು. ಕೊನೆಗೆ ಉಳಿದದ್ದು ವೇಳಾಪಟ್ಟಿಯಲ್ಲಿ ಒಂದು ಚೌಕ. ಆ ಚೌಕದಲ್ಲಿ ಗಣಿತದ ಹೆಚ್ಚುವರಿ ತರಗತಿ ತೆಗೆದುಕೊಂಡವರಲ್ಲಿ ನಾನೇ ಮೊದಲಿಗಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪುಟಗಳಲ್ಲಿ 6ರಿಂದ 8ನೆಯ ತರಗತಿಯವರಿಗೆ ಹತ್ತು ಚೀಲರಹಿತ ದಿನಗಳ ಪ್ರಸ್ತಾಪವಿದೆ. ನೀತಿ ಯಾವುದೇ ಇರಲಿ, ಹತ್ತು ದಿನದಲ್ಲಿ ಒಂದು ಕೈಗೆಲಸದ ರುಚಿ ತೋರಿಸಬಹುದು, ಆದರೆ ಬಿಚ್ಚಿ ಮತ್ತೆ ಹೆಣೆಯುವ ತಾಳ್ಮೆ ಬರಲಾರದು. ಕಲಿಕೆ ಇರುವುದು ಬಿಚ್ಚುವುದರಲ್ಲಿ.

ಇನ್ನೊಂದು ಮಾತು. ನಮ್ಮ ಕಾಲದಲ್ಲಿ ಹೊಲಿಗೆ ಹೆಣಿಗೆ ಹುಡುಗಿಯರಿಗೆ, ತೋಟಗಾರಿಕೆ ಹುಡುಗರಿಗೆ ಎಂದು ಗೆರೆ ಎಳೆದಿತ್ತು. ಪೆರು ದೇಶದ ಟಿಟಿಕಾಕ ಸರೋವರದಲ್ಲಿ ತಕೀಲೆ ಎಂಬ ದ್ವೀಪವಿದೆ. ಅಲ್ಲಿ ಬಣ್ಣಬಣ್ಣದ ಚಿತ್ತಾರದ ಟೋಪಿ ಹೆಣೆಯುವವರು ಗಂಡಸರು. ಗಂಡುಮಕ್ಕಳು ಎಳವೆಯಲ್ಲೇ ಕಡ್ಡಿ ಹಿಡಿಯುತ್ತಾರೆ. ಯುನೆಸ್ಕೋ ಆ ದ್ವೀಪದ ವಸ್ತ್ರಕಲೆಯನ್ನು ಮಾನವಕುಲದ ಪರಂಪರೆಯೆಂದು ಗೌರವಿಸಿದೆ. ಗೆರೆ ಎಳೆದದ್ದು ಪ್ರಕೃತಿಯಲ್ಲ, ನಾವು.

'ಯಾರ ಸಹಾಯವೂ ಇಲ್ಲದೆ ಸ್ವಂತ ಕಲಿತಿರಲ್ಲ, ಹಾಗಾದರೆ ಶಿಕ್ಷಕರೇ ಬೇಡವೇ?' ಎಂದು ಒಬ್ಬ ಹಳೆಯ ವಿದ್ಯಾರ್ಥಿ ಫೋನಿನಲ್ಲಿ ಕೆಣಕಿದ. ಸ್ವಂತ ಕಲಿತೆನೆಂಬುದು ಅರ್ಧ ಸತ್ಯ. ವಿಡಿಯೋ ಮಾಡಿದ ಅಪರಿಚಿತರು, ವಿಧಾನ ಬರೆದವರು, ಅವರ ಹಿಂದಿನ ಅಜ್ಜಿಯರು ಎಲ್ಲರೂ ನನ್ನ ಗುರುಗಳೇ. ಆದರೆ ಅವರು ಕೊಡದೆ ಹೋದದ್ದು ಒಂದಿತ್ತು, ಅದರಿಂದ ನನಗೆ ಉಪಕಾರವೇ ಆಯಿತು: ಅವಮಾನ. ನಾನು ತಪ್ಪಿದಾಗ ನಗಲು ತರಗತಿ ಇರಲಿಲ್ಲ, ಕೆಂಪು ಶಾಯಿ ಇರಲಿಲ್ಲ. ಥಾರ್ನ್‌ಡೈಕರ ಪ್ರಯತ್ನ-ಪ್ರಮಾದ ಕಲಿಕೆಯಲ್ಲಿ ಪೆಟ್ಟಿಗೆಯೊಳಗಿನ ಬೆಕ್ಕು ಎಷ್ಟು ಸಲ ತಪ್ಪಿದರೂ ಯಾರೂ ಅದನ್ನು ದಡ್ಡ ಬೆಕ್ಕೆನ್ನಲಿಲ್ಲ. ಶಿಕ್ಷಕರು ಬೇಕು, ಖಂಡಿತ ಬೇಕು. ಕಡ್ಡಿಯ ನಂಬರಿನ ವ್ಯತ್ಯಾಸವನ್ನು ಒಬ್ಬರು ಹೇಳಿದ್ದರೆ ನನಗೆ ಆರು ವಾರ ಉಳಿಯುತ್ತಿತ್ತು. ತಪ್ಪಲು ಬಿಡುವು ಕೊಟ್ಟು, ಬೇಕಾದಲ್ಲಿ ಒಂದು ಮಾತು ಹೇಳುವ ಶಿಕ್ಷಕರು ಬೇಕು. ನಾನು ಅಂಥವಳಾಗಿರಲಿಲ್ಲ.

ಸ್ವೆಟರು ಡಿಸೆಂಬರ್ ಮೊದಲ ವಾರ ಮುಗಿಯಿತು. ನಮ್ಮ ಧಾರವಾಡದ ಕಸೂತಿಯಲ್ಲಿ ಗವಂತಿಯ ಹೊಲಿಗೆ ಎರಡೂ ಮುಖದಲ್ಲಿ ಒಂದೇ ತೆರನಾಗಿ ಕಾಣುತ್ತದೆ, ಗಂಟು ಕಾಣುವುದಿಲ್ಲ. ಅದು ಸಿದ್ಧಿಸಿದವರ ಕಲೆ. ನನ್ನ ಸ್ವೆಟರಿನ ಹೊರಮೈಯಲ್ಲಿ ನಕ್ಷತ್ರಗಳಿವೆ, ಒಳಮೈಯಲ್ಲಿ ದಾರಗಳ ಜಾತ್ರೆ. ಕೆಳಗಿನ ಸಾಲುಗಳಲ್ಲಿ ಹಿಂದಿನ ದಾರವನ್ನು ಬಿಗಿಯಾಗಿ ಎಳೆದದ್ದರಿಂದ ಬಟ್ಟೆ ಸುಕ್ಕುಗಟ್ಟಿದೆ. ಐದು ಕುಣಿಕೆಗಿಂತ ಉದ್ದವಾಗಿ ಹಾದ ದಾರವನ್ನು ನಡುವೆ ಸಿಕ್ಕಿಸಬೇಕೆಂದು ತಿಳಿಯುವ ಮೊದಲು ಹೆಣೆದ ಕಡೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಎದೆಯ ಹತ್ತಿರ ಬಂದಂತೆ ಎಲ್ಲವೂ ಸಮವಾಗಿದೆ. ಒಳಮೈ ತಿರುಗಿಸಿ ನೋಡಿದರೆ ನಾನು ಯಾವ ತಿಂಗಳು ಏನು ಕಲಿತೆನೆಂದು ಓದಬಹುದು. ಉತ್ತರಪತ್ರಿಕೆಯ ಬಲಬದಿಯ ಕಚ್ಚಾ ಲೆಕ್ಕದ ಹಾಗೆ. ಆ ಬದಿಯನ್ನು ನಾನು ಎಂದೂ ಓದುತ್ತಿರಲಿಲ್ಲ, ಉತ್ತರ ಮಾತ್ರ ನೋಡಿ ಅಂಕ ಹಾಕುತ್ತಿದ್ದೆ. ಒಂದು ತೋಳು ಇನ್ನೊಂದಕ್ಕಿಂತ ಅರ್ಧ ಅಂಗುಲ ಉದ್ದವಿದೆ. ಮೊಮ್ಮಗ ಅದನ್ನು ಮಡಿಚಿ ತೊಡುತ್ತಾನಂತೆ.

ಇದನ್ನು ಓದುವವರಲ್ಲಿ ಇನ್ನೂ ತರಗತಿಗೆ ಹೋಗುವ ಶಿಕ್ಷಕರಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ನೀವು ಕಲಿಸುವ ವಿಷಯಕ್ಕೆ ಸಂಬಂಧವಿಲ್ಲದ, ನಿಮಗೆ ಏನೂ ಬಾರದ ಒಂದು ವಿದ್ಯೆಯನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಹೊಸದಾಗಿ ಕಲಿಯಿರಿ. ಈಜು, ತಬಲ, ಕುಂಬಾರಿಕೆ, ಯಾವುದಾದರೂ ಸರಿ. ಕೊನೆಯ ಬೆಂಚು ಹೇಗಿರುತ್ತದೆಂದು ನೆನಪಿರುತ್ತದೆ. ಮತ್ತು ಎಂದಾದರೂ ಪಾಠದ ನಡುವೆ ಡೆಸ್ಕಿನ ಕೆಳಗೆ ಒಂದು ಜೊತೆ ಕೈ ಆಡುತ್ತಿರುವುದು ಕಂಡರೆ, ಕಿತ್ತುಕೊಳ್ಳುವ ಮುನ್ನ "ಎಷ್ಟು ಕುಣಿಕೆ ಹಾಕಿದ್ದೀಯಮ್ಮಾ? ಯಾಕೆ ಅಷ್ಟೇ?" ಎಂದು ಕೇಳಿ. ಆ ದಿನದ ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು. ನಾನು ಕೇಳಲಿಲ್ಲ. ಅವಳ ತಮ್ಮ ಆ ಚಳಿಗಾಲ ಏನು ತೊಟ್ಟನೋ, ನನಗೆ ತಿಳಿಯದು.